ನರದ ಮಾತ್ರೆ ಮೆದುಳಿನ ಕೋಶ ಕೊಲ್ಲುತ್ತದೆಯೋ, ಹುಟ್ಟಿಸುತ್ತದೆಯೋ?

ಪ್ರಶ್ನೆ: ನಮ್ಮ ಅವ್ವನಿಗೆ 63 ವರ್ಷ. ಖಿನ್ನತೆ ಅಂತ ಹಾಸನದ ಡಾಕ್ಟರು ಸರ್ಟ್ರಲೀನ್ 50 ಮಿ.ಗ್ರಾಂ ಬರೆದುಕೊಟ್ಟು ಮೂರು ವಾರ ಆಯಿತು. ಬಿಪಿ ಮಾತ್ರೆಯೂ ಇದೆ. ಈಗ ನಾಲ್ಕು ದಿನದಿಂದ ತಲೆ ಮಂಕು, ಮರೆವು. ಇಂಥ ಮಾತ್ರೆ ಮೆದುಳಿನ ಕೋಶ ಸಾಯಿಸುತ್ತದೆ ಅಂತ ನೆಂಟರು ಹೇಳುತ್ತಾರೆ. ಹೊಸ ಕೋಶ ಹುಟ್ಟಿಸುತ್ತದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಲ್ಲಿಸಿಬಿಡಲೇ? (ಸಕಲೇಶಪುರದ ಓದುಗರು)

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಆದರೆ ಇವತ್ತೇ ಡಾಕ್ಟರಿಗೆ ತಿಳಿಸಿ, ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ. ಸರ್ಟ್ರಲೀನ್ ಗುಂಪಿನ ಮಾತ್ರೆಗಳು ವಯಸ್ಸಾದವರಲ್ಲಿ, ಹೆಚ್ಚಾಗಿ ಮೊದಲ ತಿಂಗಳಲ್ಲಿ, ಸೋಡಿಯಂ ಇಳಿಸುವುದುಂಟು. ಬಿಪಿಗೆ ಕೊಡುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಥಯಾಜೈಡ್ ಇದ್ದರೆ ಅಪಾಯ ಇನ್ನೂ ಜಾಸ್ತಿ. ರಕ್ತದಲ್ಲಿ ಸೋಡಿಯಂ ಇರಬೇಕಾದದ್ದು ಲೀಟರಿಗೆ 135ರಿಂದ 145 ಮಿಲಿಮೋಲ್. ಅದಕ್ಕಿಂತ ಇಳಿಯುತ್ತಾ ಹೋದಂತೆ ಮಂಕು, ತಲೆನೋವು, ವಾಕರಿಕೆ, ನಡೆಯುವಾಗ ತೂರಾಟ. ತೀರಾ ಇಳಿದರೆ ಫಿಟ್ಸ್. ಉಪ್ಪು ಹೆಚ್ಚು ತಿನ್ನಿಸಿ ಮನೆಯಲ್ಲೇ ಸರಿಮಾಡಲು ಹೋಗಬೇಡಿ, ಬಿಪಿ ಏರುತ್ತದೆ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮಾತು ತೊದಲಿದರೆ ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಕೋಶ ಸತ್ತಿತೆಂದು ಮನೆಯವರು ಹೆದರುವ ಎಷ್ಟೋ ಮಂಕು ಹೀಗೆ ಸರಿಪಡಿಸಬಹುದಾದದ್ದೇ.

ಇನ್ನು ಕೋಶದ ವಿಚಾರ. ಸರ್ಟ್ರಲೀನ್ ಅಥವಾ ಅದೇ ಗುಂಪಿನ ಫ್ಲೂಆಕ್ಸಿಟಿನ್ ಸರಿಯಾದ ಡೋಸಿನಲ್ಲಿ ನರಕೋಶ ಕೊಲ್ಲುತ್ತದೆ ಅನ್ನುವುದಕ್ಕೆ ಪುರಾವೆಯಿಲ್ಲ. ವಿಡಿಯೊದವರ ಮಾತು ಅರ್ಧ ನಿಜ. ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ದೊಡ್ಡವರಾದ ಮೇಲೂ ಹೊಸ ನರಕೋಶ ಕೊಡಬಲ್ಲ ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು ಇರುತ್ತವೆ. ರಾಗಿಯ ಒಟ್ಲುಪಾತಿ ನೆನೆಸಿಕೊಳ್ಳಿ: ಮೊಳೆತದ್ದೆಲ್ಲ ಗದ್ದೆ ಸೇರುವುದಿಲ್ಲ, ನಾಟಿಯಾದದ್ದೆಲ್ಲ ಬೇರು ಹಿಡಿಯುವುದಿಲ್ಲ. ಇಲ್ಲೂ ಹುಟ್ಟಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ಉಳಿದವು ನಿಧಾನವಾಗಿ ಹಳೆಯ ಜಾಲಕ್ಕೆ ಕೂಡಿಕೊಳ್ಳುತ್ತವೆ.

2000ರಲ್ಲಿ ಅಮೆರಿಕದ ರೊನಾಲ್ಡ್ ಡ್ಯೂಮನ್ ತಂಡ ಇಲಿಗಳಿಗೆ ಖಿನ್ನತೆಯ ಔಷಧ ಕೊಟ್ಟು ನೋಡಿತು. ಎರಡು ವಾರ ದಾಟಿಸಿ ಕೊಟ್ಟಾಗ ಹೊಸ ಕೋಶಗಳು ಹೆಚ್ಚಿದವು. ಕೆಲವೇ ದಿನ ಕೊಟ್ಟಾಗ ಹೆಚ್ಚಲಿಲ್ಲ. 2003ರಲ್ಲಿ ರೆನೆ ಹೆನ್ ತಂಡ ಇಲಿಗಳ ಆ ಭಾಗಕ್ಕೆ ಎಕ್ಸ್‌ರೇ ಹಾಯಿಸಿ ಕೋಶ ಹುಟ್ಟುವುದನ್ನೇ ತಡೆದಾಗ, ಔಷಧದಿಂದ ಬರಬೇಕಿದ್ದ ನಡವಳಿಕೆಯ ಬದಲಾವಣೆ ಬರಲಿಲ್ಲ. ಈ ಮಾತ್ರೆಗಳಿಂದ ಸೆರೊಟೊನಿನ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಕೆಲವೇ ಗಂಟೆಗಳಲ್ಲಿ ಏರಿದರೂ ರೋಗಿಗೆ ಹಗುರವಾಗಲು ವಾರಗಳೇಕೆ ಬೇಕು ಎಂಬ ಹಳೆಯ ಒಗಟಿಗೆ ಇದು ಚೆಂದದ ಉತ್ತರವಾಗಿ ಕಂಡಿತು. ಆದರೆ ಕೋಶ ಹುಟ್ಟದಿದ್ದರೂ ಔಷಧ ಫಲಿಸುವ ಇಲಿತಳಿಗಳೂ ಆಮೇಲೆ ಸಿಕ್ಕಿವೆ.

ಮನುಷ್ಯರಲ್ಲಿ ಜಗಳ ಇನ್ನೂ ಮುಗಿದಿಲ್ಲ. 2013ರ ಸ್ವೀಡನ್ ಅಧ್ಯಯನ, ಅಣುಬಾಂಬ್ ಪರೀಕ್ಷೆಗಳಿಂದ ದೇಹ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಅಳೆದು, ಅದರಿಂದ ಕೋಶಗಳ ವಯಸ್ಸು ಲೆಕ್ಕಹಾಕಿ, ಒಂದು ಬದಿಯ ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ಕೋಶ ಸೇರುತ್ತವೆ ಎಂದಿತು. 2018ರಲ್ಲಿ ಒಂದು ತಂಡ ವಯಸ್ಕರಲ್ಲಿ ಇವು ಕಾಣಲೇ ಇಲ್ಲ ಎಂದರೆ, ಅದೇ ವರ್ಷ ಇನ್ನೊಂದು ತಂಡ 79ರ ವಯಸ್ಸಿನಲ್ಲೂ ಇವೆ ಎಂದಿತು. ಸತ್ತ ಮೇಲೆ ಮೆದುಳು ಎಷ್ಟು ಹೊತ್ತಿಗೆ ಕೈಸೇರಿತು, ಯಾವ ರಾಸಾಯನಿಕದಲ್ಲಿ ಎಷ್ಟು ಹೊತ್ತು ಇಟ್ಟರು ಎಂಬುದರ ಮೇಲೆ ಕಾಣುವುದು, ಕಾಣದಿರುವುದು ಬದಲಾಗುತ್ತದೆ. ಹಾಗಾಗಿ ಹೊಸ ಕೋಶದ ಆಸೆಗೆ ಮಾತ್ರೆ ತಿನ್ನಬಾರದು, ಕೋಶ ಸಾಯುವ ಹೆದರಿಕೆಗೆ ಬಿಡಲೂಬಾರದು. ಅವ್ವ ಊಟ ಮಾಡುತ್ತಾರಾ, ನಿದ್ದೆ ಬರುತ್ತದಾ, ಅಂಗಳಕ್ಕೆ ಬಂದು ನಾಲ್ಕು ಮಾತಾಡುತ್ತಾರಾ, ಅದನ್ನು ನೋಡಿ. ಪೂರ್ಣ ಫಲ ತಿಳಿಯಲು 6ರಿಂದ 8 ವಾರ ಬೇಕು.

ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಗೆ (ಬೈಪೋಲಾರ್) ಕೊಡುವ ಲಿಥಿಯಂ ಕೂಡ ಇಲಿಗಳಲ್ಲಿ ಹೊಸ ಕೋಶ ಹೆಚ್ಚಿಸಿದೆ. ಆದರೆ ಅದನ್ನು ತೆಗೆದುಕೊಳ್ಳುವ ಕಾಫಿ ಸೀಮೆಯವರಿಗೆ ಹೇಳಲೇಬೇಕಾದದ್ದು ಬೇರೆ. ಕಾಫಿ ಮೂತ್ರದಲ್ಲಿ ಲಿಥಿಯಂ ಹೊರಹಾಕುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುತ್ತಿದ್ದವರು ದಿಢೀರನೆ ಬಿಟ್ಟರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ತೋಟದ ಕೆಲಸದ ಮೈಕೈನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೆನ್ ನುಂಗಿದರೂ, ವಾಂತಿಭೇದಿಯಾದರೂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ ಮುಂದಿನ ಡೋಸ್ ತಡೆದು ಆಸ್ಪತ್ರೆಗೆ ಹೋಗಿ. ಮಟ್ಟ ನೋಡಲು ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ.

ಸರ್ಟ್ರಲೀನ್ ಒಮ್ಮೆಲೇ ಬಿಟ್ಟವರಿಗೆ ಎರಡು ಮೂರು ದಿನದಲ್ಲಿ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಅದೂ ಕೋಶ ಸತ್ತದ್ದರಿಂದಲ್ಲ; ಅದರ ಅರ್ಧಭಾಗ ಸುಮಾರು 26 ಗಂಟೆಯಲ್ಲೇ ರಕ್ತದಿಂದ ಖಾಲಿಯಾಗುವುದರಿಂದ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ಡಾಕ್ಟರು ಹೇಳಿದಂತೆ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ನಡುವೆ ಸಂಶಯ ಬಂದು, ಹಾಸನಕ್ಕೆ ಹೋಗಿಬರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಮಾತ್ರೆಯ ಚೀಟಿ ಮತ್ತು ಸೋಡಿಯಂ ವರದಿ ಕೈಯಲ್ಲಿಟ್ಟುಕೊಂಡು ಮಾತಾಡಿ.