ಹುಟ್ಟಿನ ಭಾರ ಯಾವ ತುದಿಯಲ್ಲಿರಬೇಕು?

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವವರು ನನ್ನ ಮರಗೆಲಸದ ಶೆಡ್ಡಿಗೆ ತರುವ ಹುಟ್ಟುಗಳಲ್ಲಿ ಮುರಿದವು ಕಡಿಮೆ, ಅತಿಯಾಗಿ ಭಾರವಾದವು ಹೆಚ್ಚು. ನೀರಿನ ನಡುವೆ ಮುರಿದೀತೆಂಬ ಭಯದಿಂದ ಮತ್ತಿಯನ್ನೋ ಹೊನ್ನೆಯನ್ನೋ ಆರಿಸಿ, ಕಾವಿನಿಂದ ನೀರಿಗಿಳಿಯುವ ಹಲಗೆಯ ತುದಿಯವರೆಗೂ ಒಂದೇ ದಪ್ಪಕ್ಕೆ ಕೆತ್ತಿಸಿರುತ್ತಾರೆ. ಆ ಭಯ ನ್ಯಾಯವಾದದ್ದೇ. ಆದರೆ ಅದರ ಬೆಲೆಯನ್ನು ದಿನವೂ ತೆರುವುದು ಹುಟ್ಟು ಹಾಕುವವರ ಭುಜ.

ದೋಣಿಯ ಅಂಚಿನ ಗೂಟಕ್ಕೆ ಕಟ್ಟಿದ ಹುಟ್ಟು ಒಂದು ಸನ್ನೆಕೋಲು. ಎರಡು ಗೂಟಗಳ ನಡುವಿನ ಅಗಲ 48 ಅಂಗುಲವೆಂದುಕೊಳ್ಳೋಣ. ಅದರ ಅರ್ಧಕ್ಕೆ 2 ಅಂಗುಲ ಸೇರಿಸಿದರೆ 26 ಅಂಗುಲವಾಗುತ್ತದೆ, ಅದು ಗೂಟದಿಂದ ಒಳಗಿರಬೇಕಾದ ಭಾಗ. ಇಡೀ ಹುಟ್ಟನ್ನು 25 ಪಾಲು ಮಾಡಿದರೆ ಒಳಗೆ 7 ಪಾಲು, ಹೊರಗೆ 18 ಪಾಲು ಇರಬೇಕೆಂಬುದು ದೋಣಿ ಕಟ್ಟುವವರ ಹಳೆಯ ಲೆಕ್ಕ. ಅದರಂತೆ ಈ ದೋಣಿಗೆ ಸುಮಾರು 93 ಅಂಗುಲದ, ಅಂದರೆ ಏಳೂಮುಕ್ಕಾಲು ಅಡಿಯ ಹುಟ್ಟು ಒಪ್ಪುತ್ತದೆ. ಹೊರಭಾಗ ಒಳಭಾಗದ ಎರಡೂವರೆ ಪಟ್ಟಿಗಿಂತ ಉದ್ದವಿರುವುದರಿಂದ, ಹಲಗೆಯ ತುದಿಯಲ್ಲಿ ಉಳಿದ 100 ಗ್ರಾಂ ಅನಗತ್ಯ ಮರವನ್ನು ನೀರಿನಿಂದ ಮೇಲೆತ್ತಿ ಹಿಡಿಯಲು ಹಿಡಿಯ ಮೇಲೆ 250 ಗ್ರಾಂಗೂ ಹೆಚ್ಚು ಒತ್ತಬೇಕಾಗುತ್ತದೆ. ನಿಮಿಷಕ್ಕೆ 30 ಸಲ ಹುಟ್ಟು ಹಾಕಿದರೆ ಗಂಟೆಗೆ 1800 ಸಲ ಈ ದಂಡ ತೆತ್ತಂತಾಯಿತು.

ಆದ್ದರಿಂದ ನಾನು ಮೊದಲು ಉಜ್ಜುಗೊರಡು ಹಿಡಿಯುವುದು ಹಲಗೆಯ ಮೇಲೆ. ನಡುವೆ ಒಂದು ಬೆನ್ನೆಲುಬನ್ನು ಉಳಿಸಿಕೊಂಡು, ಎರಡೂ ಬದಿಗೆ ಇಳಿಜಾರಾಗಿ ತೆಗೆಯುತ್ತ, ಅಂಚನ್ನು 6 ಮಿಲಿಮೀಟರಿಗೆ ತರುತ್ತೇನೆ. ಆ ಬೆನ್ನೆಲುಬು ಬಲಕ್ಕಾಗಿ ಮಾತ್ರ ಇರುವುದಲ್ಲ. ಪೂರ್ತಿ ಚಪ್ಪಟೆಯಾದ ಹಲಗೆಯ ಎರಡು ಅಂಚುಗಳಿಂದ ನೀರು ಸರದಿಯಂತೆ ಸುಳಿಯೆದ್ದು ಹುಟ್ಟನ್ನು ಅತ್ತಿತ್ತ ನಡುಗಿಸುತ್ತದೆ, ನಡುವಿನ ಏಣು ಆ ನೀರನ್ನು ಎರಡೂ ಕಡೆಗೆ ಸಮವಾಗಿ ಹರಿಯಬಿಡುತ್ತದೆ. ಗೂಟದಿಂದ ಒಳಗಿನ ಭಾಗವನ್ನು ಮಾತ್ರ ಚೌಕವಾಗಿ, ದಪ್ಪವಾಗಿಯೇ ಬಿಡುತ್ತೇನೆ. ಅಲ್ಲಿನ ಭಾರ ಹೊರಗಿನದನ್ನು ತೂಗುತ್ತದೆ. ಗೂಟ ತಾಕುವ ಜಾಗದಿಂದ ಒಂದು ಗೇಣು ಆಚೆ ಬೆರಳಿಟ್ಟು ಹುಟ್ಟನ್ನು ಎತ್ತಿದಾಗ ಅದು ತಕ್ಕಡಿಯಂತೆ ನಿಂತರೆ ನನಗೆ ಸಮಾಧಾನ. ಬಂದ ಹುಟ್ಟುಗಳಲ್ಲಿ ಹೆಚ್ಚಿನವು ಎರಡು ಗೇಣಿಗೂ ಹೊರಗೆ ತೂಗುತ್ತವೆ.

ಮರದ ಆಯ್ಕೆಯಲ್ಲಿ ನನ್ನ ಒಲವು ತೇಗ ಮತ್ತು ಹೆಬ್ಬಲಸಿನ ಕಡೆಗೆ. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಮತ್ತಿ 850 ಕಿಲೋ ಸಮೀಪಿಸುತ್ತದೆ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಕೈಗೆಟುಕುವ ಬೆಲೆಗೆ ಸಿಗುತ್ತದೆ, ಹಗುರವೂ ಹೌದು. ಆದರೆ ಅದು ನೀರು ಕುಡಿದರೆ ಬೇಗ ಕೊಳೆಯುವುದರಿಂದ ಹಲಗೆಯ ತುದಿಯಲ್ಲಿ ಕಾಣುವ ಮರದೆಳೆಗಳ ತೆರೆದ ಬಾಯಿಗಳಿಗೆ ಎಪಾಕ್ಸಿ ಅಂಟು ಕುಡಿಸದೆ ಕೊಡಬಾರದು. ಯಾವ ಮರವಾದರೂ ಎಳೆ ಉದ್ದಕ್ಕೆ ನೇರವಾಗಿರಬೇಕು, ಕಾವಿನಲ್ಲಿ ಗಂಟು ಇರಲೇಬಾರದು.

ತೆಪ್ಪದ ಹುಟ್ಟಿನ ಮಾತು ಬೇರೆ. ಅದಕ್ಕೆ ಗೂಟವಿಲ್ಲ, ಪೂರ್ತಿ ಭಾರ ಕೈಯಲ್ಲೇ. ಬಿದಿರಿನ ಕಾವಿಗೆ ಹಲಗೆ ಕಟ್ಟಿಕೊಳ್ಳುವ ಅಂಬಿಗರನ್ನು ಕಂಡಾಗ ನನಗೆ ಗೌರವ ಮೂಡುತ್ತದೆ. ದುಂಡು ಕಾವಿನ ತಿರುಳನ್ನು ಅರ್ಧ ವ್ಯಾಸದಷ್ಟು ತೆಗೆದುಹಾಕಿದರೆ ಭಾರ ಕಾಲು ಭಾಗ ಇಳಿಯುತ್ತದೆ, ಬಾಗದಿರುವ ಗುಣ ಇಳಿಯುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಟೊಳ್ಳಾದ ಬಿದಿರಿನಲ್ಲಿ ಈ ಲಾಭ ಸ್ವಭಾವದಿಂದಲೇ ಇದೆ.

ಹಲಗೆಯ ಅಗಲದ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ನೀರು ಗೋಡೆಯಲ್ಲ, ಎಳೆದಾಗ ಹಲಗೆ ಒಂದಿಷ್ಟು ಹಿಂದೆ ಜಾರುತ್ತದೆ, ಹಾಗೆ ನೀರನ್ನು ರಭಸದಿಂದ ಹಿಂದಕ್ಕೆ ಎಸೆಯುವುದರಲ್ಲಿ ನಮ್ಮ ಶ್ರಮ ಪೋಲಾಗುತ್ತದೆ. ಅಗಲ ಹಲಗೆ ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದರಿಂದ ನಷ್ಟ ಕಡಿಮೆಯೆಂದು ನೆಚ್ಚಿ, ಒಬ್ಬ ಹಿರಿಯ ಬೆಸ್ತರಿಗೆ 5 ಅಂಗುಲದ ಬದಲು 7 ಅಂಗುಲದ ಹಲಗೆ ಮಾಡಿಕೊಟ್ಟೆ. ಹದಿನೈದು ದಿನಕ್ಕೆ ಅವರು ಹುಟ್ಟುಗಳನ್ನು ಹೆಗಲ ಮೇಲೆ ಹೊತ್ತು ಬಂದು, "ಸ್ವಾಮಿ, ದೋಣಿ ಓಡ್ತದೆ, ಆದ್ರೆ ಸಂಜೆ ಅನ್ನ ಕಲಸೋಕೆ ಕೈ ಏಳಲ್ಲ" ಎಂದರು. ಲೆಕ್ಕ ತಪ್ಪಿರಲಿಲ್ಲ, ಅಗಲ ಹೆಚ್ಚಿಸಿದವನು ಉದ್ದ ಇಳಿಸುವುದನ್ನು ಮರೆತಿದ್ದೆ. ಜಾರದ ಹಲಗೆ ಪ್ರತಿ ಎಳೆತದಲ್ಲೂ ಕೈಗೆ ಹೆಚ್ಚು ತಡೆಯೊಡ್ಡುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ವೇಳೆಗೆ ರೋಯಿಂಗ್ ಸ್ಪರ್ಧಿಗಳು ಮಚ್ಚಿನಾಕಾರದ ಅಗಲ ಹಲಗೆಗೆ ಹೊರಳಿದಾಗ ಹುಟ್ಟುಗಳನ್ನು ಮೋಟು ಮಾಡಿಕೊಂಡದ್ದೂ ಇದೇ ಕಾರಣಕ್ಕೆ. ಆ ಹಿರಿಯ ಬೆಸ್ತರ ಹಲಗೆಯನ್ನು 6 ಅಂಗುಲಕ್ಕೆ ಇಳಿಸಿ, ಹೊರಭಾಗದಲ್ಲಿ 4 ಅಂಗುಲ ಕತ್ತರಿಸಿಕೊಟ್ಟೆ.

ಹೋಗುವ ಮುನ್ನ ಅವರು ಹಿಡಿಗೂ ವಾರ್ನಿಷ್ ಬಳಿಯಲು ಹೇಳಿದರು. ನಾನು ಒಪ್ಪಲಿಲ್ಲ. ಒದ್ದೆ ಕೈಗೆ ನುಣುಪಾದ ವಾರ್ನಿಷ್ ಜಾರಿ ಬೊಕ್ಕೆ ಎಬ್ಬಿಸುತ್ತದೆ. ಹಿಡಿಯನ್ನು ಬರಿಮರವಾಗಿಯೇ ಬಿಟ್ಟು, ಅಗಸೆ ಎಣ್ಣೆ ತಿಕ್ಕಿ, ಗೂಟ ಉಜ್ಜುವ ಜಾಗಕ್ಕೆ ಮಾತ್ರ ತೊಗಲು ಸುತ್ತಿ ಕಳುಹಿಸಿದೆ.