ನೀಲಿ ಚುಕ್ಕೆ ಮತ್ತು ಬಾಣ: ನನಗೆ ತೊಡಕಾದ ಒಂದು ಹಂತ

ಮೊಬೈಲ್ ನಕ್ಷೆಯನ್ನು ಕಣ್ಣೆದುರಿನ ರಸ್ತೆಗೆ ಹೊಂದಿಸಲು ಎರಡು ಸಂಗತಿಗಳು ತಿಳಿದಿರಬೇಕು: ನಾವು ಎಲ್ಲಿದ್ದೇವೆ, ಮತ್ತು ಯಾವ ಕಡೆ ಮುಖ ಮಾಡಿದ್ದೇವೆ. ಮೊದಲನೆಯದನ್ನು ನಕ್ಷೆಯ ನೀಲಿ ಚುಕ್ಕೆ ತೋರಿಸುತ್ತದೆ, ಎರಡನೆಯದನ್ನು ಅದರ ಬಾಣ. ಮೊದಲನೆಯದು ನೇರವಾದದ್ದು. ಬಯಲಿನಲ್ಲಿ ಜಿಪಿಎಸ್ ಸಾಮಾನ್ಯವಾಗಿ ಸುಮಾರು 5 ಮೀಟರ್ ನಿಖರತೆಯಿಂದ ಸ್ಥಾನವನ್ನು ತಿಳಿಸುತ್ತದೆ; ಎತ್ತರದ ಕಟ್ಟಡಗಳ ನಡುವೆ ಸಂಕೇತವು ಗೋಡೆಗಳಿಗೆ ಬಡಿದು ಬಳಸಿ ಬರುವುದರಿಂದ ದೋಷ ಹೆಚ್ಚುತ್ತದೆ.

ನಾನು ಎಡವಿದ್ದು ಎರಡನೆಯದರಲ್ಲಿ. ದಿಕ್ಕನ್ನೂ ಉಪಗ್ರಹಗಳೇ ತಿಳಿಸುತ್ತವೆ ಎಂದು ಬಹುಕಾಲ ನಂಬಿದ್ದೆನಾದ್ದರಿಂದ, ನಿಂತಲ್ಲೇ ನಿಂತಾಗ ಬಾಣವೇಕೆ ಅತ್ತಿತ್ತ ಹೊರಳುತ್ತದೆ ಎಂಬುದು ಅರ್ಥವಾಗುತ್ತಿರಲಿಲ್ಲ. ಉಪಗ್ರಹ ಸಂಕೇತದಿಂದ ಸಿಗುವುದು ಚಲನೆಯ ದಿಕ್ಕು ಮಾತ್ರ. ಚಲನೆಯೇ ಇಲ್ಲದಿದ್ದರೆ ಆ ದಿಕ್ಕಿಗೆ ಅರ್ಥವಿಲ್ಲ. ಮುಖ ಮಾಡಿದ ದಿಕ್ಕನ್ನು ಫೋನು ತನ್ನೊಳಗಿನ ಕಾಂತಸಂವೇದಕದಿಂದ, ಅಂದರೆ ದಿಕ್ಸೂಚಿಯಿಂದ, ಅಂದಾಜಿಸುತ್ತದೆ. ಹತ್ತಿರದಲ್ಲಿ ಕಬ್ಬಿಣದ ರಚನೆ ಅಥವಾ ಅಯಸ್ಕಾಂತವಿದ್ದರೆ ಅದು ದಾರಿ ತಪ್ಪುತ್ತದೆ. ಫೋನನ್ನು 8ರ ಆಕಾರದಲ್ಲಿ ಆಡಿಸಲು ಹೇಳುವುದು ಇದನ್ನು ಸರಿಪಡಿಸುವುದಕ್ಕಾಗಿ. ಇನ್ನೂ ಒಂದು ಸೂಕ್ಷ್ಮವಿದೆ: ದಿಕ್ಸೂಚಿಗೆ ಗೊತ್ತಿರುವುದು ಫೋನು ತಿರುಗಿರುವ ದಿಕ್ಕೇ ಹೊರತು ನಮ್ಮ ಮುಖದ ದಿಕ್ಕಲ್ಲ. ರೈಲಿನಲ್ಲಿ ಹಿಮ್ಮುಖವಾಗಿ ಕುಳಿತು ಫೋನನ್ನು ಅಡ್ಡ ಹಿಡಿದವನನ್ನು ಊಹಿಸಿಕೊಂಡರೆ ಚಲನೆಯ ದಿಕ್ಕು, ಮುಖದ ದಿಕ್ಕು, ಫೋನಿನ ದಿಕ್ಕು ಎಂಬ ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಈ ಚಿತ್ರ ಹೊಳೆದ ಮೇಲೆಯೇ ನನ್ನ ಗೊಂದಲ ಬಿಟ್ಟಿತು.

ಆದ್ದರಿಂದ ಬಾಣವನ್ನು ನಂಬಿ ಹೊರಡುವ ಬದಲು ನಾನು ಹತ್ತಿಪ್ಪತ್ತು ಹೆಜ್ಜೆ ನೇರವಾಗಿ ನಡೆದು, ಚುಕ್ಕೆ ಯಾವ ಕಡೆ ಸರಿಯಿತೆಂದು ನೋಡುತ್ತೇನೆ. ಅದಕ್ಕೂ ಮೊದಲು ಅಡ್ಡರಸ್ತೆಯಂಥ ಒಂದು ಗುರುತು ನಕ್ಷೆಯಲ್ಲೂ ಎದುರಿಗೂ ಸಿಕ್ಕಿದರೆ ನಡೆಯುವ ಅಗತ್ಯವೂ ಇರುವುದಿಲ್ಲ.

ಉತ್ತರವನ್ನು ಮೇಲಿಟ್ಟ ನಕ್ಷೆಯಲ್ಲಿ ದಕ್ಷಿಣಕ್ಕೆ ನಡೆಯುವಾಗ ಎಡಬಲ ಅದಲುಬದಲಾಗುವುದರಿಂದ ಮನಸ್ಸಿನಲ್ಲೇ ನಕ್ಷೆಯನ್ನು ತಿರುಗಿಸಬೇಕಾಗುತ್ತದೆ. ನಮ್ಮೊಂದಿಗೆ ತಿರುಗುವ ನಕ್ಷೆ ಈ ಶ್ರಮವನ್ನು ಉಳಿಸುತ್ತದೆಯಾದರೂ ಜಾಗದ ಒಟ್ಟು ವಿನ್ಯಾಸ ಮನಸ್ಸಿನಲ್ಲಿ ನಿಲ್ಲಲು ಸ್ಥಿರ ನಕ್ಷೆಯೇ ಮೇಲೆಂದು ನನ್ನ ಅಭಿಪ್ರಾಯ. ಈ ಎರಡು ಬಗೆಯ ನಕ್ಷೆಗಳ ಹೋಲಿಕೆಯಲ್ಲದಿದ್ದರೂ, ಸಾಧನವನ್ನೇ ನೆಚ್ಚುವುದರ ಬಗ್ಗೆ ಯೋಚಿಸುವಂತೆ ಮಾಡುವ ಒಂದು ಅಧ್ಯಯನವಿದೆ: ಸಂಶೋಧಕ ಇಶಿಕಾವಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅದರಲ್ಲಿ, ಜಿಪಿಎಸ್ ಸಾಧನ ಹಿಡಿದು ನಡೆದವರು, ದಾರಿಯನ್ನು ಸ್ವತಃ ಒಮ್ಮೆ ನಡೆದು ಕಲಿತವರಿಗಿಂತ ಹೆಚ್ಚು ದೂರ ನಡೆದರು, ಹೆಚ್ಚು ಸಲ ನಿಂತರು.