ಹತ್ತಿಸುವುದು ನಾಲ್ಕು ಚಕ್ರ, ನಿಲ್ಲಿಸುವುದು ರಬ್ಬರು

ಹೊಸ ಗಾಡಿ ನೋಡಲು ಬಂದವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಲೀಟರಿಗೆ ಎಷ್ಟು ಕೊಡುತ್ತೆ? ನಾಲ್ಕೂ ಚಕ್ರ ಎಳೆಯುತ್ತಾ? ಎರಡನೆಯದಕ್ಕೆ ಹೌದು ಅಂದ ಕೂಡಲೇ "ಹಾಗಾದ್ರೆ ಮಳೆಗಾಲಕ್ಕೆ ಚಿಂತೆ ಇಲ್ಲ ಬಿಡಿ" ಅನ್ನುವ ಮಾತು. ಟೈರ್ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಮಲೆನಾಡಿನ ಮಳೆಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಅದೇ.

ನಮ್ಮದು ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಅಂದರೆ ಬೇಕಾದಾಗ ನಾಲ್ಕೂ ಚಕ್ರ ಎಳೆಯುವ ಮಾದರಿ. ಹೆಸರು ಮಾರುತಿಯದಾದರೂ ತಯಾರಾಗುವುದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ, ಅವರದೇ ಹೈರೈಡರ್ ಗಾಡಿಯ ಜೊತೆಜೊತೆಗೆ. 2022ರಲ್ಲಿ ಎರಡೂ ಬಂದವು. ಇವು ಹಳೇ ಜೀಪಿನ ಹಾಗೆ ಪಕ್ಕದಲ್ಲಿ ಇನ್ನೊಂದು ಗೇರ್ ಕಡ್ಡಿ ಇರುವ ಗಾಡಿಗಳಲ್ಲ. ಮಾಮೂಲಿ ದಾರಿಯಲ್ಲಿ ಎಳೆಯುವುದು ಹೆಚ್ಚುಕಡಿಮೆ ಮುಂದಿನ ಎರಡು ಚಕ್ರ ಮಾತ್ರ. ಹಿಂದಕ್ಕೆ ಒಂದು ಉದ್ದ ಶಾಫ್ಟ್ ಹೋಗುತ್ತದೆ, ಅದರ ತುದಿಯಲ್ಲಿ ಹಲವು ಪ್ಲೇಟುಗಳ ಕ್ಲಚ್ಚು ಇದೆ. ಮುಂದಿನ ಚಕ್ರ ಜಾರುತ್ತಿದೆ ಅಂತ ಕಂಪ್ಯೂಟರಿಗೆ ಗೊತ್ತಾದರೆ ಆ ಪ್ಲೇಟುಗಳು ಬಿಗಿಯಾಗುತ್ತವೆ, ಹಿಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಸೀಟಿನ ಪಕ್ಕದ ಗುಬುಟನ್ನು ಲಾಕ್‌ಗೆ ತಿರುಗಿಸಿದರೆ ಜಾರುವವರೆಗೆ ಕಾಯದೆ ಮೊದಲೇ ಹಂಚುತ್ತದೆ. ಅಷ್ಟೇ ವಿಷಯ.

ಇದರಿಂದ ಏನು ಲಾಭ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ತೋಟದ ದಾರಿಯಲ್ಲಿ 15 ಡಿಗ್ರಿಯ ಏರು ಇದೆ ಅಂದುಕೊಳ್ಳಿ, ಅಂದರೆ ನಾಲ್ಕು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಎಳೆಯಬೇಕಾದ ಚಕ್ರದ ಮೇಲೇ ಭಾರ ಕಡಿಮೆ! ಹಾಗಾಗಿ ಮುಂದಿನ ಎರಡೇ ಚಕ್ರದಿಂದ ಈ ಏರು ಹತ್ತಬೇಕಾದರೆ ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.5 ಇರಬೇಕು. ನಾಲ್ಕೂ ಚಕ್ರ ಎಳೆದರೆ 0.27 ಸಾಕು. ಒಣ ಟಾರಿನ ಮೇಲೆ ಈ ಸಂಖ್ಯೆ 0.8ರ ಆಸುಪಾಸು ಇರುವುದರಿಂದ ಅಲ್ಲಿ ಎರಡೂ ಗಾಡಿ ಹತ್ತುತ್ತವೆ, ವ್ಯತ್ಯಾಸವೇ ಕಾಣುವುದಿಲ್ಲ. ಮಳೆ ಬಿದ್ದು ನೆಂದ ಮಣ್ಣಿನಲ್ಲಿ ಅದು 0.4ಕ್ಕೆ ಇಳಿಯಿತು ಅನ್ನಿ. ಒಂದು ಗಾಡಿ ಮುಂದಿನ ಚಕ್ರ ಸುತ್ತಿಸುತ್ತಾ ನಿಂತಲ್ಲೇ ಕೆಸರು ಎರಚುತ್ತದೆ, ಇನ್ನೊಂದು ಸುಮ್ನೆ ಹತ್ತಿ ಹೋಗುತ್ತದೆ. ಈ ಆಟ ನೋಡಿಯೇ ಜನ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮರುಳಾಗುವುದು.

ಈಗ ಅದೇ ದಾರಿಯಲ್ಲಿ ಇಳಿಯಿರಿ. ಬ್ರೇಕು ಎಲ್ಲಾ ಗಾಡಿಗಳಲ್ಲೂ ನಾಲ್ಕೂ ಚಕ್ರಕ್ಕೆ ಇದೆ, ಹಳೇ ಆಲ್ಟೋಗೂ ಇದೆ. ಹತ್ತುವಾಗ ಸಿಕ್ಕಿದ ಹೆಚ್ಚುಗಾರಿಕೆ ಇಳಿಯುವಾಗ ಮಾಯ. ಅದೇ 0.4ರ ಮಣ್ಣಿನಲ್ಲಿ, ಸಮತಟ್ಟು ಜಾಗದಲ್ಲಿ 30 ಕಿಲೋಮೀಟರ್ ವೇಗದಿಂದ ಬ್ರೇಕು ಒತ್ತಿದರೆ ಸುಮಾರು 9 ಮೀಟರಿಗೆ ನಿಲ್ಲುತ್ತೀರಿ. 15 ಡಿಗ್ರಿ ಇಳಿಜಾರಿನಲ್ಲಿ ಅದೇ ವೇಗಕ್ಕೆ ಸುಮಾರು 28 ಮೀಟರ್ ಬೇಕು, ಮೂರು ಪಟ್ಟು. ಹಿಡಿತ ಇನ್ನೂ ಸ್ವಲ್ಪ ಕಡಿಮೆಯಾಗಿ 0.27ಕ್ಕೆ ಬಂದರೆ ನಿಲ್ಲುವ ಪ್ರಶ್ನೆಯೇ ಇಲ್ಲ, ಕೆಳಗೆ ಹಳ್ಳವೋ ಕಾಫಿ ಗಿಡವೋ ಸಿಗುವವರೆಗೆ ಜಾರುತ್ತಾ ಹೋಗಬೇಕು. ಅಂದರೆ ನಾಲ್ಕು ಚಕ್ರದ ಶಕ್ತಿಯಿಂದ ನಾವು ಹತ್ತಬಲ್ಲ, ಆದರೆ ಇಳಿಯಲಾಗದ ಜಾಗಗಳು ಇವೆ. ಎರಡೇ ಚಕ್ರ ಎಳೆಯುವ ಗಾಡಿಯವನು ಆ ಜಾಗಕ್ಕೆ ಹೋಗುವುದೇ ಇಲ್ಲ, ಅಲ್ವಾ? ಕೆಳಗೇ ನಿಲ್ಲಿಸಿ ನಡೆದುಕೊಂಡು ಹೋಗುತ್ತಾನೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಲಾಕ್ ಹಾಕಿ ಮೊದಲನೇ ಗೇರಿನಲ್ಲಿ ಇಳಿದರೆ ಎಂಜಿನ್ ಹಿಡಿಯುವ ಹಿಡಿತ ನಾಲ್ಕೂ ಚಕ್ರಕ್ಕೆ ಹಂಚುತ್ತದೆ, ಇಳಿತ ಹದವಾಗಿರುತ್ತದೆ. ಇಳಿಜಾರಿಗೆಂದೇ ತಾನಾಗಿ ಬ್ರೇಕು ಹಿಡಿಯುವ ಸೌಲಭ್ಯವೂ ಇದೆ. ಆದರೆ ಎರಡೂ ಕೊನೆಗೆ ಕೈಚಾಚುವುದು ಟೈರಿಗೇ. ರಬ್ಬರು ಜಾರಿದರೆ ಯಾವ ಕಂಪ್ಯೂಟರೂ ಕಾಯುವುದಿಲ್ಲ.

ಗಾಡಿ ನೆಲಕ್ಕೆ ತಾಗುವುದು ಎಷ್ಟು ಜಾಗದಲ್ಲಿ ಗೊತ್ತಾ? ನಾಲ್ಕು ಜನ, ಲಗೇಜು ಸೇರಿ 1,600 ಕೆಜಿ ಅಂದುಕೊಂಡರೆ ಒಂದು ಚಕ್ರಕ್ಕೆ 400 ಕೆಜಿ. 33 ಪಿಎಸ್‌ಐ ಗಾಳಿ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆಜಿ. ಭಾಗಿಸಿದರೆ ಸುಮಾರು 170 ಚದರ ಸೆಂಟಿಮೀಟರ್ ಬರುತ್ತದೆ. ನಿಮ್ಮ ಅಂಗೈ, ಬೆರಳು ಸೇರಿಸಿ, ಅಷ್ಟೇ. ಚಾರ್ಮಾಡಿಯ ತಿರುವಿನಲ್ಲಿ ಮಂಜಿನೊಳಗಿಂದ ಲಾರಿ ಎದುರಾದಾಗ ನಿಮ್ಮನ್ನು ರಸ್ತೆಗೆ ಹಿಡಿದಿಟ್ಟಿರುವುದು ಇಂಥ ನಾಲ್ಕು ಅಂಗೈ ಜಾಗ. ಅದರ ಹಿಡಿತಕ್ಕೂ ಮಿತಿ ಇದೆ. ಪೂರ್ತಿ ಹಿಡಿತವನ್ನು ಬ್ರೇಕಿಗೇ ಬಳಸಿದರೆ ತಿರುಗಿಸಲು ಏನೂ ಉಳಿಯುವುದಿಲ್ಲ, ಸ್ಟೇರಿಂಗು ತಿರುಗುತ್ತದೆ, ಗಾಡಿ ನೇರ ಹೋಗುತ್ತದೆ.

ರಬ್ಬರಿನ ಹಿಡಿತ ಎರಡು ಬಗೆಯದು. ಒಂದು, ಒಣ ರಸ್ತೆಗೆ ರಬ್ಬರು ಅಂಟಿಕೊಳ್ಳುವುದು. ನೀರು ನಡುವೆ ಬಂದರೆ ಇದು ಬಹುಪಾಲು ಹೋಗುತ್ತದೆ. ಇನ್ನೊಂದು ಹೆಚ್ಚು ಕುತೂಹಲದ್ದು. ಟಾರು ರಸ್ತೆಯನ್ನು ಬಗ್ಗಿ ನೋಡಿ, ಸಣ್ಣ ಸಣ್ಣ ಜಲ್ಲಿಯ ಮೊನೆಗಳು ಮೇಲೆ ಎದ್ದಿರುತ್ತವೆ. ರಬ್ಬರು ಅವುಗಳ ಮೇಲೆ ಒತ್ತಿ ತಗ್ಗಾಗುತ್ತದೆ, ಮತ್ತೆ ಮೊದಲಿನಂತಾಗಲು ಸ್ವಲ್ಪ ತಡ ಮಾಡುತ್ತದೆ. ಆ ತಡದಲ್ಲಿ ಶಕ್ತಿ ಬಿಸಿಯಾಗಿ ಹೋಗುತ್ತದೆ, ಜಾರುವಿಕೆಗೆ ತಡೆ ಬೀಳುತ್ತದೆ. ಮಳೆಯಲ್ಲಿ ನಮ್ಮನ್ನು ಕಾಯುವುದು ಈ ಸೋಮಾರಿತನವೇ. ಹಾಗಾದರೆ ಎಲ್ಲ ಟೈರನ್ನೂ ಸೋಮಾರಿ ರಬ್ಬರಿನಿಂದಲೇ ಮಾಡಬಾರದೇ? ಮಾಡಿದರೆ ಮೈಲೇಜು ಬೀಳುತ್ತದೆ, ಏಕೆಂದರೆ ಚಕ್ರ ಉರುಳುವಾಗಲೂ ಟೈರು ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತಲೇ ಇರುತ್ತದೆ, 60ರ ವೇಗದಲ್ಲಿ ಸೆಕೆಂಡಿಗೆ ಎಂಟು ಸಲ. ಆಗಲೂ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆದರೆ ಬ್ರೇಕು ಒತ್ತಿದಾಗ ಜಲ್ಲಿಯ ಮೊನೆಗಳು ರಬ್ಬರನ್ನು ಕೆಣಕುವುದು ಸೆಕೆಂಡಿಗೆ ಸಾವಿರಾರು ಸಲ. ನಿಧಾನ ಕುಲುಕಿಗೆ ಚುರುಕಾಗಿಯೂ ಚುರುಕು ಕುಲುಕಿಗೆ ಸೋಮಾರಿಯಾಗಿಯೂ ಇರುವ ರಬ್ಬರು ಸಿಕ್ಕರೆ ಎರಡೂ ಗೆದ್ದ ಹಾಗೆ. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ಇದನ್ನು ಹೆಚ್ಚುಕಡಿಮೆ ಸಾಧಿಸಿತು. ರಬ್ಬರಿಗೆ ಬೆರೆಸುವ ಕಪ್ಪು ಕಾರ್ಬನ್ ಪುಡಿಯ ದೊಡ್ಡ ಪಾಲನ್ನು ತೆಗೆದು ಸಿಲಿಕಾ ಹಾಕಿದರು. ಸುಳ್ಯದ ಕಡೆ ರಬ್ಬರ್ ತೋಟದಲ್ಲಿ ಇಳಿಯುವ ಬಿಳಿ ಹಾಲಿಗೂ ಅಂಗಡಿಯ ಕಪ್ಪು ಟೈರಿಗೂ ನಡುವೆ ಇಷ್ಟೊಂದು ರಸಾಯನಶಾಸ್ತ್ರ ಇದೆ.

ಇನ್ನು ಟೈರಿನ ಮೇಲಿನ ಗೀರುಗಳು. ಅವು ಇರುವುದು ನೀರಿಗೆ ದಾರಿ ಬಿಡಲು. ನೀರು ಪಕ್ಕಕ್ಕೆ ಹೋಗಲು ಪುರುಸೊತ್ತು ಸಿಗದಿದ್ದರೆ ಟೈರಿನ ಕೆಳಗೆ ನುಗ್ಗಿ ಗಾಡಿಯನ್ನು ಎತ್ತಿಬಿಡುತ್ತದೆ. 1960ರ ದಶಕದಲ್ಲಿ ನಾಸಾದ ವಾಲ್ಟರ್ ಹೋರ್ನ್ ಮತ್ತು ಸಂಗಡಿಗರು ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ಇದಕ್ಕೊಂದು ಸೂತ್ರ ಕೊಟ್ಟರು: ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ತೇಲುವ ವೇಗ ಹೆಚ್ಚುತ್ತದೆ. ಕಾರಿಗೆ ಇದು ಅಂದಾಜು ಮಾತ್ರ, ಅದೂ ಗೀರು ಸವೆದ ಟೈರಿಗೆ. ಆದರೂ 33 ಪಿಎಸ್‌ಐ ಇದ್ದರೆ ಸುಮಾರು 96 ಕಿಲೋಮೀಟರ್, 24ಕ್ಕೆ ಇಳಿದಿದ್ದರೆ 82 ಕಿಲೋಮೀಟರ್ ಅಂತ ಬರುತ್ತದೆ. ಗಾಳಿ ಚೆಕ್ ಮಾಡಿಸದೆ ಮಳೆಯಲ್ಲಿ ಹೈವೇಗೆ ಇಳಿಯುವವರು ಇದನ್ನೊಮ್ಮೆ ಯೋಚಿಸಲಿ. ಕಾನೂನು ಕೇಳುವುದು 1.6 ಮಿಲಿಮೀಟರ್ ಆಳದ ಗೀರು. ಹೊಸದರಲ್ಲಿ 8ರ ಆಸುಪಾಸು ಇರುತ್ತದೆ. ನನ್ನ ಪ್ರಕಾರ ಘಟ್ಟದ ಮಳೆಗೆ 3 ಮಿಲಿಮೀಟರಿಗೆ ಬಂದರೆ ಆ ಟೈರಿನ ಕೆಲಸ ಮುಗಿಯಿತು.

ಸರಿ, ಯಾವುದು ಕೊಳ್ಳಬೇಕು? ಅಂಗಡಿಯಲ್ಲಿ ಎಚ್‌ಟಿ, ಎಟಿ, ಎಂಟಿ ಅಂತ ಮೂರು ಬಗೆ ಹೇಳುತ್ತಾರೆ. ಟಾರು ರಸ್ತೆಯದ್ದು, ಅರೆಬರೆ ದಾರಿಯದ್ದು, ಕೆಸರಿನದ್ದು. ಕೆಸರಿನಲ್ಲಿ ಗೀರು ಅಗಲವಾಗಿರಬೇಕು, ಇಲ್ಲದಿದ್ದರೆ ಮಣ್ಣು ತುಂಬಿಕೊಂಡು ಟೈರು ಮಣ್ಣಿನದೇ ಆಗಿಬಿಡುತ್ತದೆ. ಅದಕ್ಕೇ ಮಲೆನಾಡಿನ ಜೀಪಿನವರು ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟುತ್ತಾರೆ, ಅದು ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಆದರೆ ಗೀರು ಅಗಲವಾದಷ್ಟೂ ಟಾರಿಗೆ ತಾಗುವ ರಬ್ಬರು ಕಡಿಮೆ. ಸದ್ದು ಜಾಸ್ತಿ, ಭಾರ ಜಾಸ್ತಿ, ಮೈಲೇಜು ಕಡಿಮೆ, ನೆಂದ ಟಾರಿನ ಮೇಲೆ ನಿಲ್ಲುವ ದೂರವೂ ಸಾಮಾನ್ಯವಾಗಿ ಜಾಸ್ತಿ. ನೋಡಲು ಗಡುಸಾಗಿ ಕಾಣುತ್ತದೆ ಅಂತ ಬೆಂಗಳೂರಿನ ಆಫೀಸಿಗೆ ಹೋಗುವ ಗಾಡಿಗೆ ಎಂಟಿ ಹಾಕಿಸುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ದಿನಾ ಮಣ್ಣಿನ ದಾರಿ ಇರುವವರು ಎಟಿ ಹಾಕಿಸಲಿ. ನಮ್ಮದು ಬಹುತೇಕ ಟಾರು, ಕೊನೆಗೊಂದು ತುಂಡು ತೋಟದ ದಾರಿ, ಅದರಲ್ಲೂ ಅರ್ಧ ಪಾಚಿ ಕಟ್ಟಿದ ಕಾಂಕ್ರೀಟು. ಪಾಚಿಯ ಮೇಲೆ ಎಟಿಯ ದಪ್ಪ ಬ್ಲಾಕುಗಳು ದೊಡ್ಡ ಉಪಕಾರವನ್ನೇನೂ ಮಾಡುವುದಿಲ್ಲ, ಕತ್ತದ ಬ್ರಷ್ಷಿನಲ್ಲಿ ಉಜ್ಜಿ ತೊಳೆಯುವುದೇ ವಾಸಿ. ಒದ್ದೆಯಲ್ಲಿ ಹಿಡಿತ ಚೆನ್ನಾಗಿರುವ ಎಚ್‌ಟಿ ಸಾಕು ಅಂತ ತೀರ್ಮಾನ ಮಾಡಿದೆ.

ದೊಡ್ಡ ಸೈಜು ಹಾಕಿಸುವ ಆಸೆಯೂ ಬೇಡ. ಕಂಪನಿ ಕೊಟ್ಟ 215/60 ಆರ್17 ಬದಲು 225/65 ಆರ್17 ಹಾಕಿದರೆ ಗಾಡಿ ಎತ್ತರ ಆಗುವುದು 17 ಮಿಲಿಮೀಟರ್. ಅದಕ್ಕೆ ಎಳೆತ ಶೇಕಡ 5 ಕಡಿಮೆಯಾಗುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ.

ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮಾತ್ರ ಅನ್ವಯಿಸುವ ಇನ್ನೊಂದು ಸಂಗತಿ ಇದೆ, ಮತ್ತು ಇದಕ್ಕೆ ದುಡ್ಡು ಬೀಳುತ್ತದೆ. ಎರಡು ಟೈರು 8 ಮಿಲಿಮೀಟರ್ ಗೀರಿನ ಹೊಸದು, ಇನ್ನೆರಡು 3ಕ್ಕೆ ಸವೆದದ್ದು ಅನ್ನಿ. ಸವೆದ ಚಕ್ರ ಚಿಕ್ಕದು, ಅದೇ ದೂರಕ್ಕೆ ಜಾಸ್ತಿ ಸುತ್ತಬೇಕು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 7 ಸುತ್ತು ವ್ಯತ್ಯಾಸ. ಮುಂದಿಗೂ ಹಿಂದಿಗೂ ನಡುವಿನ ಆ ಕ್ಲಚ್ಚಿನ ಪ್ಲೇಟುಗಳು ಇದನ್ನು ತಮ್ಮ ಮೈಮೇಲೆ ಹಾಕಿಕೊಂಡು ಉಜ್ಜುತ್ತಾ ಬಿಸಿಯಾಗಬೇಕು, ಕಂಪ್ಯೂಟರಿಗೂ ಚಕ್ರ ಜಾರುತ್ತಿದೆಯೇನೋ ಅನ್ನುವ ಗುಮಾನಿ. ಹಾಗಾಗಿ ಒಂದೇ ಕಂಪನಿಯ ಒಂದೇ ಮಾದರಿಯ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು, ಆಗಾಗ ಹಿಂದುಮುಂದು ಮಾಡಿಸುತ್ತಾ ಸಮವಾಗಿ ಸವೆಸಬೇಕು. ಚಿಕ್ಕ ಅಳತೆಯ ಸ್ಟೆಪ್ನಿ ಹಾಕಿದ್ದರೆ ನಿಧಾನಕ್ಕೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ.

ಕಾಯುವುದು ರಬ್ಬರೇ ಅನ್ನುವ ಮಾತು ಹಿಮ ಬೀಳುವ ಊರುಗಳಲ್ಲಿರುವ ನಮ್ಮವರಿಗೆ ಇನ್ನೂ ಜಾಸ್ತಿ ಸಲ್ಲುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಬೇಸಿಗೆಯ ರಬ್ಬರು ಬಿರುಸಾಗುತ್ತಾ ಹೋಗುತ್ತದೆ, ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ. ನಾಲ್ಕೂ ಚಕ್ರ ಎಳೆಯುವ ಗಾಡಿ ಅಂತ ರಿಯಾಯಿತಿ ಇಲ್ಲ.

ಹಣ ಕೊಡುವ ಮೊದಲು ಟೈರಿನ ಪಕ್ಕೆಯ ಬರಹ ಓದಿ. 96 ಎಚ್ ಅಂತಿದ್ದರೆ ಒಂದು ಟೈರು ಹೊರುವುದು 710 ಕೆಜಿ, ತಡೆಯುವ ವೇಗ 210 ಕಿಲೋಮೀಟರ್. ಪಕ್ಕೆಯಲ್ಲೇ ಒಂದು ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 3224 ಅಂದರೆ 2024ರ 32ನೇ ವಾರ ತಯಾರಾದದ್ದು. ನಾನು ಹೋದ ಅಂಗಡಿಯಲ್ಲಿ "ಎಲ್ಲಾ ಫ್ರೆಶ್ ಸ್ಟಾಕ್ ಸರ್" ಅಂದರು. ಬಗ್ಗಿ ನೋಡಿದರೆ ನಾಲ್ಕರಲ್ಲಿ ಒಂದು ಎರಡು ವರ್ಷಕ್ಕೂ ಹಳೆಯದು. ಕೇಳಿದ್ದಕ್ಕೆ, "ಟೈರ್ ಹಾಲಲ್ಲ ಸರ್, ಒಡೆಯೋಕೆ" ಅಂತ ನಕ್ಕರು. ಮಾತು ಪೂರ್ತಿ ಸುಳ್ಳೂ ಅಲ್ಲ, ಬಿಸಿಲು ಬೀಳದ ತಣ್ಣನೆಯ ಗೋಡೌನಿನಲ್ಲಿ ರಬ್ಬರು ಬೇಗ ಕೆಡುವುದಿಲ್ಲ. ಆದರೆ ಅದು ಯಾವ ಗೋಡೌನಿನಲ್ಲಿ ಹೇಗಿತ್ತು ಅಂತ ನಮಗೆ ಯಾರು ಹೇಳುತ್ತಾರೆ? ಬದಲಿಸಿ ಕೊಡಿ ಅಂದೆ, ಕೊಟ್ಟರು. ಒಂದು ಎಚ್ಚರ: ಈ ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕೆಗೆ ಇರುತ್ತದೆ. ಅದು ಒಳಮಗ್ಗುಲಿಗೆ ಹೋದರೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿ ಹುಡುಕಬೇಕು, ಹಾಗಾಗಿ ರಿಮ್ಮಿಗೆ ಏರಿಸುವ ಮೊದಲೇ ನೋಡಿಕೊಳ್ಳಿ.